ಕಂಪ್ಯೂಟರ್ ಆರಿಸಿದ ಗಿಡವೆಲ್ಲ ಮದ್ದಲ್ಲ



ಇಂಥ ಗಿಡದಲ್ಲಿ ಕ್ಯಾನ್ಸರಿಗೆ ಮದ್ದಿದೆಯೆಂದು ಕಂಪ್ಯೂಟರ್ ಕಂಡುಹಿಡಿದಿದೆ ಎಂಬ ಸುದ್ದಿಯನ್ನು ಈಚೆಗೆ ನೀವೂ ಕೇಳಿರಬಹುದು. ಸುದ್ದಿಯ ಬೆನ್ನಿಗೇ ಸಸಿ ಮಾರುವವರು, ಪುಡಿ ಮಾರುವವರು ಊರಿಗೆ ಬರಬಹುದು. ಹಣ ಕೊಡುವ ಮೊದಲು ಸುದ್ದಿಯ ಅರ್ಥವೇನೆಂದು ತಿಳಿಯುವುದು ಲೇಸು.

ಇದು ಬೀಗಕ್ಕೆ ತಕ್ಕ ಬೀಗದ ಕೈ ಹುಡುಕುವ ಕೆಲಸ. ಕ್ಯಾನ್ಸರ್ ಜೀವಕೋಶ ಬೆಳೆಯಲು ಕೆಲವು ಪ್ರೋಟೀನುಗಳು ಬೇಕು. ಅವುಗಳ ಆಕಾರ ಗೊತ್ತಿದ್ದರೆ, ಸಸ್ಯಗಳ ಯಾವ ರಾಸಾಯನಿಕ ಅಲ್ಲಿ ಸರಿಯಾಗಿ ಕೂರುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯವರು ನಮ್ಮ ದೇಶದ 4,010 ಔಷಧಿ ಸಸ್ಯಗಳ 17,967 ರಾಸಾಯನಿಕಗಳನ್ನು ಪಟ್ಟಿ ಮಾಡಿದ್ದಾರೆ. ಇಷ್ಟನ್ನೂ ಕೈಯಿಂದ ಪರೀಕ್ಷಿಸುವುದು ಅಸಾಧ್ಯ. ಆದ್ದರಿಂದ ಈ ಜರಡಿ ಬೇಕೇ ಬೇಕು.

ಆದರೆ ಜರಡಿ ಹಿಡಿದ ಮಾತ್ರಕ್ಕೆ ಬೆಳೆ ಕೈಗೆ ಬಂದಂತಲ್ಲ. ಲೆಕ್ಕದಲ್ಲಿ ಕೂತ ರಾಸಾಯನಿಕ ಹೊಟ್ಟೆಯಲ್ಲಿ ಕರಗದೆ ಹೋಗಬಹುದು, ಒಳ್ಳೆಯ ಜೀವಕೋಶಗಳನ್ನೂ ಕೊಲ್ಲಬಹುದು. ಹೊಸ ತಳಿಯನ್ನು ಹಲವು ಹಂಗಾಮು ಬೆಳೆದು ನೋಡದೆ ನಿಮಗೆ ಶಿಫಾರಸು ಮಾಡುತ್ತಾರೆಯೇ? ಮದ್ದಿಗೂ ಹಾಗೆಯೇ. ಪ್ರಯೋಗಶಾಲೆ, ಪ್ರಾಣಿಗಳು, ಕೊನೆಗೆ ರೋಗಿಗಳು ಎಂದು ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು. ಬಹುಪಾಲು ನಡುವೆಯೇ ಬಿದ್ದುಹೋಗುತ್ತವೆ.

ನಿಮ್ಮ ಅಂಗಳದ ನಿತ್ಯಪುಷ್ಪವನ್ನೇ ನೋಡಿ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ನೋಬಲ್ ಮತ್ತು ಬಿಯರ್ ಈ ಗಿಡದಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು. ಅದರ ಸಾರ ಕೊಟ್ಟಾಗ ಇಲಿಗಳ ರಕ್ತದಲ್ಲಿ ಬಿಳಿಯ ಕಣಗಳು ಕುಸಿದವು. ಅದೇ ಜಾಡಿನಲ್ಲಿ ವಿನ್‌ಬ್ಲಾಸ್ಟಿನ್ ದೊರಕಿತು. ಇದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ, ವೈದ್ಯರ ಕಣ್ಣೆದುರಿಗೆ, ರಕ್ತನಾಳದ ಮೂಲಕ ಮಾತ್ರ. ಅದೇ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿದರೆ ವಿಷವಾದೀತು.

ಆದ್ದರಿಂದ ಎರಡು ಮಾತು. ಸಸಿ ಕೊಡುವವನು ಫಸಲನ್ನು ಯಾವ ದರಕ್ಕೆ ಕೊಳ್ಳುತ್ತಾನೆಂದು ಬರಹದಲ್ಲಿ ಕೊಡದಿದ್ದರೆ ರಾಗಿ ಜೋಳದ ಹೊಲವನ್ನು ಅವನ ಮಾತಿಗೆ ಒಪ್ಪಿಸಬೇಡಿ. ಮನೆಯಲ್ಲಿ ಯಾರಿಗಾದರೂ ಗಂಟು, ವಾಸಿಯಾಗದ ಹುಣ್ಣು ಕಂಡರೆ ಪುಡಿ ನಂಬಿ ತಿಂಗಳು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ರೋಗದಲ್ಲಿ ತಡವೇ ದೊಡ್ಡ ನಷ್ಟ.

ಇಂಥ ಸುದ್ದಿ ಬರೆಯುವ ಪತ್ರಿಕೆಗಳೂ ಪರೀಕ್ಷೆ ಯಾವ ಹಂತದಲ್ಲಿದೆಯೆಂದು ತಪ್ಪದೆ ತಿಳಿಸಬೇಕು. ತಿಳಿಸದಿದ್ದರೆ ನೀವೇ ಕೇಳಿ: ಇದನ್ನು ಎಷ್ಟು ರೋಗಿಗಳಿಗೆ ಕೊಟ್ಟು ನೋಡಿದ್ದಾರೆ?