ಮಲೆನಾಡಿನಲ್ಲಿ ಪರೀಕ್ಷಿಸದ ತಂತ್ರಾಂಶ ಮಲೆನಾಡಿಗೆ ಒದಗದು

ಹವ್ಯಾಸಿ ರೇಡಿಯೋ ಎಂದರೆ ಪಟ್ಟಣದ ಎಂಜಿನಿಯರುಗಳ ಬಿಡುವಿನ ಆಟ ಎಂಬ ಭಾವನೆ ಮಲೆನಾಡಿನಲ್ಲಿ ಬೇರೂರಿದೆ. ಅದರಲ್ಲೂ ಇನ್ನೂ ಪೂರ್ಣಗೊಳ್ಳದ ಬೀಟಾ ತಂತ್ರಾಂಶವನ್ನು ಅಂಗೈಯಗಲದ ಗಣಕದಲ್ಲಿ ಓಡಿಸಿ ನೋಡುವ ಕೆಲಸಕ್ಕೂ ಶಿಕಾರಿಪುರ, ಸೊರಬದ ಹಳ್ಳಿಗಳಿಗೂ ಏನು ಸಂಬಂಧವೆಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯೇ ತಲೆಕೆಳಗಾಗಿದೆ. ಆಪತ್ತಿನಲ್ಲಿ ಉಪಕರಣ ಯಾರಿಗೆ ಬೇಕೋ ಅವರೇ ಅದರ ಪರೀಕ್ಷೆಯಿಂದ ಹೊರಗುಳಿದರೆ, ಅದು ಕೈಕೊಡುವುದೂ ಅವರಿಗೇ.

ಸುದ್ದಿ ಸಕಾಲಕ್ಕೆ ತಲುಪುವುದರ ಬೆಲೆ ಸೊರಬ ತಾಲ್ಲೂಕಿಗೆ ತಿಳಿಯದ್ದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸತ್ತು ಬಿದ್ದ ಮಂಗಗಳೇ ಮಂಗನ ಕಾಯಿಲೆಯ ಮುನ್ಸೂಚನೆಯಾಗಿದ್ದವು. ಆ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿತು. ಕಾಡಂಚಿನ ಸುದ್ದಿ ಕಚೇರಿಗೆ ಮುಟ್ಟುವುದು ತಡವಾದರೆ ಅದರ ದಂಡ ತೆರುವವರು ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವ ಜನರು.

'ಈಗ ಊರೂರಿಗೂ ಮೊಬೈಲ್ ಬಂದಿದೆಯಲ್ಲ' ಎಂಬುದು ಸಿದ್ಧ ಉತ್ತರ. ಆದರೆ ಮೊಬೈಲ್ ಗೋಪುರಕ್ಕೆ ವಿದ್ಯುತ್ತು ಬೇಕು, ಬ್ಯಾಟರಿ ಬೇಕು, ಹೊರಜಗತ್ತಿಗೆ ಜೋಡಿಸುವ ಕೊಂಡಿ ಬೇಕು. ಗಾಳಿಮಳೆಗೆ ಮರ ಉರುಳಿ ರಸ್ತೆ ಕುಸಿದ ದಿನ ಇವೆಲ್ಲ ಒಟ್ಟಿಗೇ ಕೈಬಿಡುತ್ತವೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪ್ರಮುಖರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲ ಕುಸಿದಾಗಲೂ ಹ್ಯಾಮ್ ಹವ್ಯಾಸಿಗಳು ನೆರವಿಗೆ ಬಂದರು. ಆಟವೆಂದು ಕರೆದದ್ದು ಆಪತ್ತಿನಲ್ಲಿ ಆಸರೆಯಾಯಿತು.

ಈ ಹವ್ಯಾಸದ ಇಂದಿನ ರೂಪ ಅಗ್ಗವೂ ಆಗಿದೆ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಒಂದೇ ಫಲಕದ ಗಣಕ 5 ವೋಲ್ಟಿನಲ್ಲಿ ನಡೆಯುತ್ತದೆ. ಸಣ್ಣ ಸೌರಫಲಕ ಮತ್ತು ಬ್ಯಾಟರಿಯಿಂದಲೂ ಅದನ್ನು ನಡೆಸಬಹುದು. ಭೌತವಿಜ್ಞಾನದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಆರಂಭಿಸಿದ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಅದರಲ್ಲಿ ಓಡುತ್ತದೆ. 2017ರಲ್ಲಿ ಇದಕ್ಕೆ ಸೇರಿದ ಎಫ್‌ಟಿ8 ಎಂಬ ವಿಧಾನ 15 ಸೆಕೆಂಡಿಗೊಂದು ಸಂದೇಶ ಕಳಿಸುತ್ತದೆ. 2500 ಹರ್ಟ್ಸ್ ಅಗಲದಲ್ಲಿ ಅಳೆದ ಗದ್ದಲಕ್ಕಿಂತ ನೂರು ಪಾಲು ಕ್ಷೀಣವಾದ ಸಂಕೇತವನ್ನೂ ಹೆಕ್ಕಿ ಓದುತ್ತದೆ. ಇದರ ಮೂಲಪಾಠ ಮುಕ್ತವಾಗಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಹೊಗಳಿಕೆ ಇಲ್ಲಿಗೆ ಸಾಕು. ಎಫ್‌ಟಿ8 ನಡೆಯಬೇಕಾದರೆ ಎರಡೂ ಕಡೆಯ ಗಡಿಯಾರಗಳು ಸುಮಾರು ಒಂದು ಸೆಕೆಂಡಿನೊಳಗೆ ಹೊಂದಿಕೊಂಡಿರಬೇಕು. ರಾಸ್ಪ್‌ಬೆರಿ ಪೈನ ನಾಲ್ಕನೆಯ ಪೀಳಿಗೆಯವರೆಗಿನ ಫಲಕಗಳಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ. 2023ರ ಐದನೆಯದರಲ್ಲಿ ಗಡಿಯಾರವಿದ್ದರೂ ಬ್ಯಾಟರಿಯನ್ನು ಬೇರೆಯಾಗಿ ಕೂಡಿಸಬೇಕು. ಅದಿಲ್ಲದಾಗ ಫಲಕ ತನ್ನ ವೇಳೆಯನ್ನು ಅಂತರ್ಜಾಲದಿಂದ ಪಡೆಯುತ್ತದೆ. ಅಂದರೆ ವಿದ್ಯುತ್ತು ಹೋಗಿ ಬಂದು ಅಂತರ್ಜಾಲ ಸತ್ತಿರುವ ದಿನ, ಯಾವ ದಿನಕ್ಕಾಗಿ ಈ ಪೆಟ್ಟಿಗೆಯನ್ನು ಇಟ್ಟುಕೊಂಡರೋ ಅದೇ ದಿನ, ಅದು ಮೂಕವಾಗುತ್ತದೆ. ಜಿಪಿಎಸ್‌ನಿಂದ ವೇಳೆ ಪಡೆಯಬಹುದು ನಿಜ. ದಟ್ಟ ಮರಗಳ ಕೆಳಗೆ ಆ ಸಂಕೇತವೂ ಕುಂದುತ್ತದೆ. ದಿಢೀರನೆ ವಿದ್ಯುತ್ತು ಹೋದರೆ ನೆನಪಿನ ಕಾರ್ಡು ಕೆಡುವ ಅಪಾಯ ಬೇರೆ. ಕರೆಂಟು ಕೈಕೊಡದ, ಅಂತರ್ಜಾಲ ಕಡಿಯದ ಬೆಂಗಳೂರಿನ ಮೇಜಿನ ಮೇಲೆ ಇಂತಹ ದೋಷಗಳು ಕಣ್ಣಿಗೆ ಬೀಳುವುದಿಲ್ಲ. ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಒಂದು ಮಳೆಗಾಲ ಓಡಿಸಿದರೆ ಬಿದ್ದೇ ಬೀಳುತ್ತವೆ.

ಇದಕ್ಕಿಂತ ಆಳವಾದ ಕೊರತೆ ಭಾಷೆಯದು. ಎಫ್‌ಟಿ8ರಲ್ಲಿ ಬಿಡಿಮಾತಿಗೆ ದೊರೆಯುವುದು 13 ಅಕ್ಷರ ಮಾತ್ರ. ಅವೂ ರೋಮನ್ ಅಕ್ಷರ, ಅಂಕಿ ಹಾಗೂ ಕೆಲವು ಚಿಹ್ನೆಗಳು. ಶಿಕಾರಿಪುರದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 11 ಅಕ್ಷರಗಳು ಮುಗಿದವು. ಗಣಕಗಳು ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಸಂಕೇತದಲ್ಲಿ 'ಸೊರಬ' ಎಂಬ ಮೂರಕ್ಷರಕ್ಕೆ 96 ಬಿಟ್ಟುಗಳು ಬೇಕು. ಎಫ್‌ಟಿ8ರ ಒಂದು ಇಡೀ ಸಂದೇಶದ ಹೊರೆಯೇ 77 ಬಿಟ್ಟು. ಇದು ಕನ್ನಡದ ದೋಷವಲ್ಲ. 13 ಸ್ವರ, 2 ಯೋಗವಾಹ, 34 ವ್ಯಂಜನ, 12 ಸ್ವರಚಿಹ್ನೆ, ಒಂದು ವಿರಾಮಚಿಹ್ನೆ, ಒಂದು ತೆರಪು, ಒಂದು ಪೂರ್ಣವಿರಾಮ ಸೇರಿದರೆ 64. ಒಂದೊಂದಕ್ಕೆ 6 ಬಿಟ್ಟು ಸಾಕು. ಆ ಲೆಕ್ಕದಲ್ಲಿ ಸೊರಬಕ್ಕೆ 24, ಶಿಕಾರಿಪುರಕ್ಕೆ 54. ಅಂಕಿಗಳಿಗೆ ಬೇರೆ ಏರ್ಪಾಡು ಬೇಕಾದೀತು. ಆದರೂ ಕೆಲಸ ಸಾಧ್ಯ. ಅದನ್ನು ಮಾಡಿಕೊಡಿರೆಂದು ಕೇಳಬೇಕಾದವರು ಪರೀಕ್ಷಕರ ಸಾಲಿನಲ್ಲೇ ಇಲ್ಲದಿದ್ದರೆ ಯಾರು ಕೇಳಬೇಕು?

ಅರೆಬೆಂದ ತಂತ್ರಾಂಶವನ್ನು ನಂಬಿ ಜೀವ ಪಣಕ್ಕಿಡಲಾದೀತೇ ಎಂಬ ಆಕ್ಷೇಪ ನ್ಯಾಯವಾದುದು. ಇಡಬಾರದು. ಬೀಟಾ ಆವೃತ್ತಿಯನ್ನು ನೆರೆಯ ದಿನ ನೆಚ್ಚುವುದು ಮೂರ್ಖತನ. ಬೇಸಗೆಯಲ್ಲೇ ಅದರ ಹುಳುಕು ಹುಡುಕುವುದು ವಿವೇಕ. ಪರೀಕ್ಷೆಯ ಅರ್ಥ ನಂಬಿಕೆಯಲ್ಲ, ಸಂಶಯ.

ಆ ಸಂಶಯಕ್ಕೆ ಕ್ರಮ ಬೇಕು. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಗುಪ್ತ ಸಂಕೇತಕ್ಕೂ ವ್ಯಾಪಾರಕ್ಕೂ ಈ ತರಂಗಗಳಲ್ಲಿ ಎಡೆಯಿಲ್ಲ. ಕನ್ನಡದ ಸಂಕೇತಪಟ್ಟಿಯೂ ಬಹಿರಂಗವಾಗಿಯೇ ಇರಬೇಕು. 12 ವರ್ಷ ತುಂಬಿದವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಾದರಿ ಧ್ವನಿಮುದ್ರಿಕೆಗಳನ್ನು ತಂತ್ರಾಂಶಕ್ಕೆ ಉಣಿಸಬಹುದು. ಎರಡು ಫಲಕಗಳನ್ನು ಧ್ವನಿತಂತಿಯಿಂದ ಜೋಡಿಸಿ ಆಂಟೆನಾ ಇಲ್ಲದೆಯೇ ಸಂದೇಶ ಕಳಿಸಬಹುದು. ಬೇಕೆಂದೇ ವಿದ್ಯುತ್ತು ಕಿತ್ತು, ಅಂತರ್ಜಾಲ ಕಡಿದು ನೋಡಬಹುದು. ಆವೃತ್ತಿಯ ಸಂಖ್ಯೆ, ಫಲಕದ ಮಾದರಿ, ವಿದ್ಯುತ್ತಿನ ಮೂಲ, ಗಡಿಯಾರದ ತಪ್ಪು, ಸೋತ ಕ್ಷಣ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕು. 'ಕೆಲಸ ಮಾಡಲಿಲ್ಲ' ಎಂಬುದು ದೂರು; ಇನ್ನೊಬ್ಬರು ಅದೇ ಸೋಲನ್ನು ಮತ್ತೆ ಕಾಣುವಂತೆ ಬರೆದದ್ದು ವರದಿ.

ಒಂದು ಕಾಲದಲ್ಲಿ ಬಳ್ಳಿಗಾವಿಯ ವಿದ್ಯಾಕೇಂದ್ರಗಳು ಹೆಸರಾಂತವಾಗಿದ್ದ ಸೀಮೆಯಿದು. ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಬೇರೆಯವರು ಸಿದ್ಧಪಡಿಸಿದ ಪೆಟ್ಟಿಗೆಯ ಗುಂಡಿ ಒತ್ತುವವರಾಗಿ ಉಳಿಯಬೇಕೆ, ಅದರ ಒಳಗನ್ನು ಪ್ರಶ್ನಿಸುವವರಾಗಬೇಕೆ ಎಂಬುದೇ ವಿಷಯ. ಪ್ರಶ್ನಿಸುವ ಕಾಲ ತಂತ್ರಾಂಶ ಇನ್ನೂ ಹಸಿಯಾಗಿರುವಾಗಲೇ. ಮಡಕೆ ಸುಟ್ಟ ಮೇಲೆ ತಿದ್ದಲು ಬರುವುದಿಲ್ಲ.