ಸ್ಟಾಂಪು ಬೇಡದ ಲಕೋಟೆ

ಮಕ್ಕಳೇ, 2024ರ ಸೆಪ್ಟೆಂಬರಿನ ಎರಡು ದಿನಗಳನ್ನು ನನ್ನ ಮೊಮ್ಮಗ ಇನ್ನೂ ಮರೆತಿಲ್ಲ. ಆ ವರ್ಷ 7ನೇ ತಾರೀಕು ಶನಿವಾರ ಚೌತಿ, ಮರುದಿನ ಭಾನುವಾರ ಮೊಂತಿ ಹಬ್ಬ. ಚೌತಿ ಪಂಚಾಂಗ ನೋಡಿಕೊಂಡು ಬರುತ್ತದೆ. ಮೊಂತಿ ಹಬ್ಬ ಹಾಗಲ್ಲ, ಸೆಪ್ಟೆಂಬರ್ 8 ಬಿಟ್ಟು ಕದಲುವುದಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇಂಥ ತಾರೀಕು ತಪ್ಪದ ಹಬ್ಬದ ಮೇಲೆ ಸ್ವಲ್ಪ ಪಕ್ಷಪಾತ ಉಂಟು.

ಶನಿವಾರ ನಮ್ಮ ಮನೆಯಲ್ಲಿ ಕಡುಬು ತಿನ್ನಲು ಪೊರ್ಬುಗಳ ಕುಟುಂಬ ಬಂದಿತ್ತು. ತುಳುನಾಡಿನಲ್ಲಿ ಕ್ರೈಸ್ತ ಹಿರಿಯರನ್ನು ಹಾಗೆ ಕರೆಯುವುದು ರೂಢಿ. ಇವರು ನಮ್ಮ ಶಾಖೆಯ ಕ್ಯಾಷಿಯರ್ ಆಗಿದ್ದವರು. ಹೊರಡುವಾಗ ನನ್ನ ಮೊಮ್ಮಗನ ಬೆನ್ನು ತಟ್ಟಿ, "ನಾಳೆ ಬುಟ್ಟಿ ತುಂಬ ಹೂ ತರಬೇಕು ಮಗಾ, ಅಜ್ಜನನ್ನೂ ಕರೆದುಕೊಂಡು ಬಾ" ಎಂದರು.

ಮೊಂತಿ ಹಬ್ಬವೆಂದರೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರಿನ ಕೊಂಕಣಿ ಕ್ರೈಸ್ತರಿಗೆ ಅದೇ ತೆನೆ ಹಬ್ಬವೂ ಹೌದು. ಫರಂಗಿಪೇಟೆಯ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಹಳೆಯ ಚರ್ಚು ಉಂಟು. ಪೋರ್ಚುಗೀಸ್ ಭಾಷೆಯಲ್ಲಿ ಮೊಂತೆ ಎಂದರೆ ಗುಡ್ಡ. ಹಬ್ಬಕ್ಕೆ ಹೆಸರು ಅಲ್ಲಿಂದಲೇ ಬಂತೆಂದು ಹೇಳುತ್ತಾರೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ಒಯ್ದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ.

ಅಜ್ಜ ಅಜ್ಜಿಯರಿಗೆ ಇದು ಹೊಸದೆನಿಸಲಾರದು. ನಮ್ಮಲ್ಲೂ ತೆನೆ ತಂದು ಮನೆ ತುಂಬಿಸುತ್ತೇವೆ, ಪುದ್ವಾರ್ ಊಟ ಮಾಡುತ್ತೇವೆ. ಮಳೆ ಒಂದೇ, ಗದ್ದೆ ಒಂದೇ.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ದಾಸವಾಳ, ಕರವೀರ, ರಥಪುಷ್ಪ ಕೊಯ್ದು ಬುಟ್ಟಿ ತುಂಬಿಸಿ ಕೊಟ್ಟಳು. ಚರ್ಚಿನ ಅಂಗಳದಲ್ಲಿ ನೂರಾರು ಮಕ್ಕಳು. ಹಾಡು ಶುರುವಾದದ್ದೇ ತಡ, ಎಲ್ಲರೂ ಹೂ ಎರಚಿದರು. ನನ್ನ ಮೊಮ್ಮಗನ ಹೂವಿನಲ್ಲಿ ಅರ್ಧಪಾಲು ಮುಂದಿದ್ದ ಮುದುಕಿಯೊಬ್ಬರ ತಲೆಯ ಮೇಲೆ ಬಿತ್ತು. ಅವರು ತಿರುಗಿ ನಕ್ಕು ಒಂದು ದಾಸವಾಳವನ್ನು ಮುಡಿಗೆ ಸಿಕ್ಕಿಸಿಕೊಂಡರು. ಪೂಜೆ ಮುಗಿದ ಮೇಲೆ ಮಕ್ಕಳಿಗೆಲ್ಲ ಕಬ್ಬು ಹಂಚಿದರು. "ಅಜ್ಜಾ, ನಿನ್ನೆ ಗಣಪತಿಗೆ ಕಟ್ಟಿದ್ದೂ ಇದೇ ಕಬ್ಬು!" ಎಂದು ಇವನ ಸಂಭ್ರಮ.

ಪೊರ್ಬುಗಳ ಮನೆಯಲ್ಲಿ ಜನ ತುಂಬಿದ್ದರು. ಬೆಂಗಳೂರಿನಿಂದ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಮುಂಬಯಿಯಿಂದ ಬಾಯಮ್ಮನವರ ತಂಗಿ. ನೆರೆಯ ಎರಡು ಕುಟುಂಬ. ಮೀನಿಲ್ಲದೆ ಊಟ ಇಳಿಯದ ಮನೆಯಲ್ಲಿ ಆ ದಿನ ತರಕಾರಿಯೇ, ಅದೂ ಬಾಳೆಲೆಯಲ್ಲಿ. ಅಳಸಂಡೆ, ಬೆಂಡೆ, ಹೀರೆ, ಹಾಗಲ, ಕೆಸುವಿನ ದಂಟು, ಕಡಲೆ... ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು: ಐದು, ಏಳು, ಒಂಬತ್ತು, ಹೀಗೆ. ಮಕ್ಕಳಿಬ್ಬರೂ ಅಡುಗೆಮನೆಗೆ ನುಗ್ಗಿ ಮುಚ್ಚಳ ತೆಗೆದು ಎಣಿಸಿದರೆ ಎಂಟು! ಮುಂಬಯಿ ಚಿಕ್ಕಮ್ಮ ಎರಡು ಸೌತೆಕಾಯಿ ಕೊಚ್ಚಿ ಒಂಬತ್ತು ಮಾಡಿದರು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗದ ಪೊರ್ಬುಗಳು ಆಮೇಲೆಯೇ ನೆಮ್ಮದಿಯಾಗಿ ಕೂತರು.

ಊಟಕ್ಕೆ ಮೊದಲು ಎಲ್ಲರೂ 'ನೊವೆಂ' ಸೇವಿಸಬೇಕು. ನೊವೆಂ ಎಂದರೆ ಹೊಸತು. ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲದಲ್ಲಿ ಕಲಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅದಾಗುವವರೆಗೆ ಯಾರಿಗೂ ಊಟವಿಲ್ಲ. ದೂರದಲ್ಲಿರುವವರಿಗೆ ತೆನೆಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿಯೂ ಉಂಟು. ಪೊರ್ಬುಗಳು ಕುವೈತಿನಲ್ಲಿರುವ ಮಗಳಿಗೆ ಒಂದು, ಕೆನಡಾದ ಸೋದರಳಿಯನಿಗೆ ಒಂದು ಲಕೋಟೆ ಮಾಡಿದರು. ಮೂರನೆಯದಕ್ಕೂ ತೆನೆ ಹಾಕಿ, ವಿಳಾಸ ಬರೆಯದೆ ಪಕ್ಕಕ್ಕಿಟ್ಟರು.

"ಮಗಾ, ಆ ಡ್ರಾಯರಿನಲ್ಲಿ ಗೋಂದು ಉಂಟು, ತಾ" ಎಂದರು. ನನ್ನ ಮೊಮ್ಮಗ ಗೋಂದಿನ ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಲಕೋಟೆಗಳ ಕಟ್ಟೊಂದನ್ನೂ ಎತ್ತಿಕೊಂಡು ಬಂದ. "ಅಜ್ಜಾ, ಇವನ್ನು ಪೋಸ್ಟ್ ಮಾಡಲೇ ಇಲ್ವಾ? ಹದಿಮೂರು ಉಂಟು." ಒಂದೊಂದರ ಮೇಲೂ ಒಂದೊಂದು ವರ್ಷ, 2011ರಿಂದ 2023ರವರೆಗೆ. ಹೆಸರು ಮಾತ್ರ ಇಲ್ಲ. ಅಲುಗಿಸಿದರೆ ಒಳಗೆ ಒಣಗಿದ ಭತ್ತ ಗಲಗಲ ಅನ್ನುತ್ತಿತ್ತು.

ಬಾಯಮ್ಮ ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಯಾರಿಗೆ ಎಂದು ನನಗೆ ಗೊತ್ತಾಯಿತು. ಅಂಗಳದ ಕೆಂಪುಕಲ್ಲಿನ ಗೋಡೆಯ ಆಚೆಗೆ ಅವರ ತಮ್ಮನ ಮನೆ. ತಮ್ಮ ಅಂಗಡಿ ಇಡಲು ನಮ್ಮ ಶಾಖೆಯಿಂದ ಸಾಲ ಪಡೆದಾಗ ಪೊರ್ಬುಗಳು ಜಾಮೀನು ನಿಂತಿದ್ದರು. ಸಾಲ ಪಡೆದವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂದು ಸಹಿ ಹಾಕುವುದೇ ಜಾಮೀನು. ಅವರು ಅನುಮಾನಿಸುತ್ತಿದ್ದಾಗ ಅರ್ಜಿಯನ್ನು ಮುಂದಿಟ್ಟು, "ಸ್ವಂತ ತಮ್ಮನಿಗೆ ಒಂದು ಸಹಿ ತಾನೇ ಮಾರಾಯ್ರೆ" ಎಂದವನು ನಾನೇ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂದು 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ. ಬಿ.ಕಾಂ.ನಲ್ಲಿ ಬಾಯಿಪಾಠ ಮಾಡಿದ್ದನ್ನು ಆ ದಿನ ಅವರಿಗೆ ಹೇಳಲಿಲ್ಲ. ಅಂಗಡಿ ಮುಳುಗಿತು. ಪೊರ್ಬುಗಳ ಭವಿಷ್ಯ ನಿಧಿಯ ದೊಡ್ಡ ಪಾಲು ಸಾಲಕ್ಕೆ ಹೋಯಿತು. ಆಮೇಲೆ ಗೋಡೆ ಬಂತು, ಮಾತು ನಿಂತಿತು. ಅವರು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

"ಇದನ್ನು ಯಾಕೆ ಕಳಿಸಲಿಲ್ಲ, ಸ್ಟಾಂಪು ಇರಲಿಲ್ವಾ?" ಎಂದಳು ಮೊಮ್ಮಗಳು.

"ಅವರು ಗೋಡೆಯ ಆಚೆಗೇ ಇರುವುದು, ಪುಟ್ಟಾ."

"ಹಾಗಾದ್ರೆ ಸ್ಟಾಂಪೇ ಬೇಡ!"

ನಾನು ಎದ್ದು ಈ ವರ್ಷದ ಲಕೋಟೆ ತೆಗೆದುಕೊಂಡೆ. ಅಂದು ಅರ್ಜಿ ತಂದವನು ನಾನಲ್ಲವೇ? ಪೊರ್ಬುಗಳು ಬೇಡವೆನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಮಕ್ಕಳಿಬ್ಬರೂ ನನ್ನ ಹಿಂದೆ ಬಂದರು. ಗೋಡೆಗೆ ಬಾಗಿಲಿಲ್ಲದ ಕಾರಣ ರಸ್ತೆಗಿಳಿದು ಸುತ್ತಿ ಹೋಗಬೇಕು.

ತಮ್ಮನೇ ಬಾಗಿಲು ತೆಗೆದ. ನನ್ನ ಕೈಯಲ್ಲಿ ಲಕೋಟೆ ನೋಡಿ, "ಎಂತ ಸರ್, ಇನ್ನೂ ಬಾಕಿ ಉಂಟಾ?" ಎಂದ.

"ಈ ಸಲ ಸಹಿ ಬೇಡ" ಎಂದೆ.

ಬಿಚ್ಚಿ ತೆನೆ ನೋಡಿದ. "ಹಳೆಯದು ಇನ್ನೂ ಹದಿಮೂರು ಉಂಟು" ಎಂದು ನನ್ನ ಮೊಮ್ಮಗ ವರದಿ ಒಪ್ಪಿಸಿಬಿಟ್ಟ. ತಡೆಯುವಷ್ಟು ಸಮಯ ಸಿಗಲಿಲ್ಲ. ಆ ಮನುಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅಣ್ಣನ ಊಟ ಆಯ್ತಾ?" ಎಂದು ಕೇಳಿದ. ಆಗಿಲ್ಲವೆಂದೆ. ತಲೆಯಾಡಿಸಿ ಒಳಗೆ ಹೋದ. ನಾವು ಹಿಂದಿರುಗಿದೆವು.

ಪೊರ್ಬುಗಳು ಮೆಟ್ಟಿಲ ಮೇಲೆಯೇ ನಿಂತಿದ್ದರು. "ಎಂತ ಹೇಳಿದ?"

"ನಿಮ್ಮ ಊಟ ಆಯ್ತಾ ಅಂತ ಕೇಳಿದರು."

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕ್ಯಾಷಿಯರ್ ಧ್ವನಿಯಲ್ಲಿ, "ಅಲ್ಲಿ ಎಷ್ಟು ಜನ ಇದ್ದಾರೆ?" ಎಂದರು. "ನಾಲ್ಕು" ಎಂದಳು ಮೊಮ್ಮಗಳು. ತಟ್ಟೆಯಲ್ಲಿ ನಾಲ್ಕು ಲೋಟ ಇಟ್ಟು ನೊವೆಂ ಹಾಲು ಹೊಯ್ದರು. ಮಗ ಕೈ ಚಾಚಿದಾಗ, "ಬೇಡ, ನೀನು ಚೆಲ್ಲುತ್ತಿ" ಎಂದು ತಾವೇ ತಟ್ಟೆ ಹಿಡಿದು, ಚಪ್ಪಲಿ ಮೆಟ್ಟಿಕೊಂಡು, ರಸ್ತೆಯ ಸುತ್ತಿನಲ್ಲಿ ಹೆಜ್ಜೆ ಎಣಿಸುತ್ತಾ ಹೋದರು. ಗೋಡೆಯ ಆಚೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಮಕ್ಕಳು ಕಲ್ಲು ಹತ್ತಿ ಇಣುಕಲು ನೋಡಿದ್ದನ್ನು ಬಾಯಮ್ಮ ಗದರಿಸಿ ತಡೆದರು.

ನಾವು ಎಲೆಯ ಮುಂದೆ ಕೂತಾಗ ಗಂಟೆ ಎರಡೂವರೆ. ಪೊರ್ಬುಗಳು ಬರಿಗೈಯಲ್ಲಿ ಬಂದಿರಲಿಲ್ಲ. ತಟ್ಟೆಯಲ್ಲಿ ನಾದಿನಿ ಕೊಟ್ಟ ಅಂಬಟೆಕಾಯಿ ಪದಾರ್ಥದ ಪಾತ್ರೆ ಇತ್ತು.

"ಅಯ್ಯೋ, ಈಗ ಹತ್ತಾಯಿತು! ಬೆಸ ತಪ್ಪಿತು!" ಎಂದು ಮಕ್ಕಳಿಬ್ಬರೂ ಕೂಗಿದರು.

ಮುಂಬಯಿ ಚಿಕ್ಕಮ್ಮ ಉಪ್ಪಿನಕಾಯಿ ಭರಣಿ ತರಲು ಎದ್ದರು.