ಥಾಯ್ಲೆಂಡ್ ಗಿಡ ಪುತ್ತೂರಿಗೆ ಬರುವ ದಾರಿ: ಖರ್ಚು ಎಲ್ಲಿ, ನಷ್ಟ ಯಾರ ತಲೆಗೆ?

ಪುತ್ತೂರು: ಮಳೆ ಹಿಡಿಯಿತೆಂದರೆ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ನರ್ಸರಿಗಳ ಮುಂದೆ ಪಿಕಪ್‌ಗಳು ಸಾಲು ನಿಲ್ಲುತ್ತವೆ. ಮೊದಲೆಲ್ಲ ಬಂದವರು ಅಡಿಕೆ ಸಸಿ, ತೆಂಗಿನ ಸಸಿ, ಕಾಳುಮೆಣಸಿನ ಬಳ್ಳಿ ಕೇಳುತ್ತಿದ್ದರು. ಈಗ ಗೇಟಿನಲ್ಲೇ ಪ್ರಶ್ನೆ ಬೇರೆ: "ಇಂಪೋರ್ಟೆಡ್ ರಂಬುಟಾನ್ ಉಂಟಾ? ಥಾಯ್ ದುರಿಯನ್ ಯಾವಾಗ ಬರ್ತದೆ?"

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದ ಪೆಟ್ಟು ತಿಂದ ಅಡಿಕೆ ಬೆಳೆಗಾರರು ಬೇರೆ ದಾರಿ ಹುಡುಕುತ್ತಿದ್ದಾರೆ. ರಂಬುಟಾನ್, ಮ್ಯಾಂಗೋಸ್ಟಿನ್, ಬೆಣ್ಣೆಹಣ್ಣು, ಡ್ರ್ಯಾಗನ್ ಫ್ರೂಟ್ ಎಂದು ಎಕರೆಗಟ್ಟಲೆ ಹಾಕಲು ಮುಂದಾದವರಿದ್ದಾರೆ. ಅದರ ಜೊತೆಗೆ ಮನೆ ಅಂಗಳಕ್ಕೆ ಅಲಂಕಾರದ ಗಿಡ ಕೇಳುವವರೂ ಹೆಚ್ಚಿದ್ದಾರೆ. ಈ ಬೇಡಿಕೆ ನೋಡಿ ಸಣ್ಣ ನರ್ಸರಿಯವರಿಗೆ ಬರುವ ಯೋಚನೆ ಒಂದೇ: ನಾವೇ ನೇರ ತರಿಸಿದರೆ ಏನು?

ತರಿಸಬಹುದು. ಆದರೆ ಫೋನಿನಲ್ಲಿ ಫೋಟೋ ನೋಡಿ ಹಣ ಹಾಕಿದ ಕೂಡಲೇ ಬರುವ ಮೊಬೈಲ್ ಕವರ್ ಅಲ್ಲ ಅದು. ಜೀವ ಇರುವ ಸಾಮಾನು. ಅದರ ಮೇಲೆ ಕಾನೂನಿನ ಕಣ್ಣು ಉಂಟು, ದಾರಿಯಲ್ಲಿ ಪ್ರತಿ ಗಂಟೆಗೂ ಬೆಲೆ ಉಂಟು.

ಮೊದಲು ಕಾಗದ, ಆಮೇಲೆ ಗಿಡ

ವಿದೇಶದಿಂದ ಗಿಡ ತರುವುದಕ್ಕೆ ಕೇಂದ್ರ ಸರ್ಕಾರದ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯ ಆಗುತ್ತದೆ. ಅದರ ಹಿಂದಿರುವುದು 1914ರ ಕೀಟ, ರೋಗ ತಡೆ ಕಾಯ್ದೆ. ಕ್ರಮ ಹೀಗಿದೆ:

ಒಂದು, ತರಿಸುವವರಿಗೆ ಆಮದು-ರಫ್ತು ಕೋಡ್ ಬೇಕು. ಇದು ಕಷ್ಟದ್ದಲ್ಲ. ಆನ್‌ಲೈನ್‌ನಲ್ಲಿ ಅರ್ಜಿ, 500 ರೂ. ಶುಲ್ಕ.

ಎರಡು, ಗಿಡ ಆ ದೇಶದಿಂದ ಹೊರಡುವ ಮೊದಲೇ ಇಲ್ಲಿಂದ ಆಮದು ಪರವಾನಗಿ ಸಿಕ್ಕಿರಬೇಕು. ಯಾವ ಗಿಡ, ಯಾವ ದೇಶದ್ದು, ಎಷ್ಟು ಎನ್ನುವುದೆಲ್ಲ ಅದರಲ್ಲಿ ಇರುತ್ತದೆ. ಪರವಾನಗಿಯ ಅವಧಿ ಆರು ತಿಂಗಳು. ಇನ್ನೊಬ್ಬರ ಹೆಸರಿಗೆ ವರ್ಗ ಮಾಡಲು ಆಗುವುದಿಲ್ಲ.

ಮೂರು, ಕಳುಹಿಸುವ ದೇಶದ ಕೃಷಿ ಇಲಾಖೆ ಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್. ಸರಳವಾಗಿ ಹೇಳುವುದಾದರೆ ಗಿಡದ ಆರೋಗ್ಯ ಪತ್ರ. ನಮ್ಮ ಸರ್ಕಾರ ಹೆಸರಿಸಿದ ಕೀಟ, ರೋಗ ಇದರಲ್ಲಿ ಇಲ್ಲ ಎಂದು ಅಲ್ಲಿನ ಅಧಿಕಾರಿ ಬರೆದು ಕೊಡಬೇಕು. ಆ ಒಂದು ಸಾಲು ತಪ್ಪಿದರೂ ಇಲ್ಲಿ ಮಾಲು ನಿಲ್ಲುತ್ತದೆ.

ನಾಲ್ಕು, ಮಣ್ಣು ಬರುವಂತಿಲ್ಲ. ಬೇರು ತೊಳೆದು, ಮಣ್ಣು ಇಲ್ಲದೆ ಪ್ಯಾಕ್ ಮಾಡಬೇಕು. ಮರದ ಪೆಟ್ಟಿಗೆ ಬಳಸಿದರೆ ಆ ಮರವನ್ನು ಬಿಸಿ ಮಾಡಿ ಅಥವಾ ಔಷಧಿ ಹೊಗೆ ಕೊಟ್ಟು ಶುದ್ಧ ಮಾಡಿದ್ದಕ್ಕೆ ಮುದ್ರೆ ಇರಬೇಕು.

ಐದು, ಎಲ್ಲಿ ಬೇಕಾದರೂ ಇಳಿಸಲು ಆಗುವುದಿಲ್ಲ. ಮಂಗಳೂರಿನ ಬಂದರು, ವಿಮಾನ ನಿಲ್ದಾಣ ಪುತ್ತೂರಿಗೆ ಹತ್ತಿರ ಎಂಬ ಕಾರಣಕ್ಕೆ ಅಲ್ಲಿಗೇ ತರಿಸುವ ಆಸೆ ಸಹಜ. ಆದರೆ ನೆಡುವ ಗಿಡವನ್ನು ಅದಕ್ಕೆಂದು ಗೊತ್ತು ಮಾಡಿದ ಪ್ರವೇಶ ಕೇಂದ್ರಗಳಲ್ಲೇ ತಪಾಸಣೆಗೆ ಒಪ್ಪಿಸಬೇಕು. ಆರ್ಡರ್ ಕೊಡುವ ಮೊದಲೇ ಈ ವಿಷಯ ಖಚಿತ ಮಾಡಿಕೊಳ್ಳದಿದ್ದರೆ ಆಮೇಲೆ ಪಶ್ಚಾತ್ತಾಪ.

ಇಷ್ಟಾದ ಮೇಲೂ ಕೆಲವು ಜಾತಿಯ ಗಿಡಗಳನ್ನು ಕೂಡಲೇ ಮಾರುವಂತಿಲ್ಲ. ಒಪ್ಪಿಗೆ ಪಡೆದ ಪ್ರತ್ಯೇಕ ಜಾಗದಲ್ಲಿ ನಿಗದಿತ ದಿನ ಬೆಳೆಸಿ, ಅಧಿಕಾರಿ ಬಂದು ನೋಡಿ ಸರಿ ಎಂದ ಮೇಲೆಯೇ ಬಿಡುಗಡೆ. ರೋಗ ಕಂಡರೆ ಸುಟ್ಟು ಹಾಕಬೇಕು. ಅರ್ಧ ಎಕರೆಯಲ್ಲಿ ಶೇಡ್‌ನೆಟ್ ಕಟ್ಟಿ ಗಂಡ ಹೆಂಡತಿ ಇಬ್ಬರೇ ನಡೆಸುವ ನರ್ಸರಿಗೆ ಇದು ಆಗುವ ಮಾತಲ್ಲ. ಆದ್ದರಿಂದ ತಾಲೂಕಿನ ಹೆಚ್ಚಿನ ನರ್ಸರಿಗಳಿಗೆ 'ಇಂಪೋರ್ಟೆಡ್' ಗಿಡ ಬರುವುದು ದೊಡ್ಡ ಆಮದುದಾರರ ಕೈ ದಾಟಿಯೇ. ಬೆಂಗಳೂರಿನಿಂದ, ಕೇರಳದ ಮಣ್ಣುತ್ತಿ ಕಡೆಯಿಂದ, ಇಲ್ಲವೇ ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ.

ತೂಕ ಗಿಡದ್ದಲ್ಲ, ಪೆಟ್ಟಿಗೆಯದ್ದು

ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ನಾಲ್ಕು ಗಂಟೆಯೂ ಬೇಡ. ಆದರೂ ಖರ್ಚು ಏಕೆ ಅಷ್ಟು? ವಿಮಾನದ ಬಾಡಿಗೆ ಲೆಕ್ಕ ಗೊತ್ತಿಲ್ಲದವರು ಇಲ್ಲೇ ಸೋಲುವುದು.

ವಿಮಾನ ಕಂಪನಿ ನಿಜವಾದ ತೂಕ ಮತ್ತು ಪೆಟ್ಟಿಗೆಯ ಗಾತ್ರದ ತೂಕ ಎರಡನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತದೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. 100 ಸೆಂ.ಮೀ. ಉದ್ದ, 50 ಅಗಲ, 50 ಎತ್ತರದ ಒಂದು ಪೆಟ್ಟಿಗೆ ಇದೆ ಎನ್ನಿ. ಒಳಗಿನ ಗಿಡ 15 ಕೆ.ಜಿ. ಇದ್ದರೂ ಬಿಲ್ಲು ಬರುವುದು ಸುಮಾರು 42 ಕೆ.ಜಿ.ಗೆ. ಎಲೆ ತುಂಬಿದ ದೊಡ್ಡ ಗಿಡ ಕೇಳಿದವರು ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಅನುಭವ ಇದ್ದವರು ಎಲೆ ಕತ್ತರಿಸಿದ, ಸಣ್ಣ, ಬರಿ ಬೇರಿನ ಗಿಡ ತರಿಸಿ ಇಲ್ಲಿ ಬೆಳೆಸುವುದು ಇದೇ ಕಾರಣಕ್ಕೆ.

ಇದರ ಮೇಲೆ ಕಸ್ಟಮ್ಸ್ ಏಜೆಂಟರ ಚಾರ್ಜು, ತಪಾಸಣೆ ಶುಲ್ಕ, ಕೀಟ ಕಂಡರೆ ಔಷಧಿ ಹೊಗೆ ಕೊಡುವ ಖರ್ಚು, ತಡ ಆದರೆ ಗೋದಾಮಿನ ಬಾಡಿಗೆ. ಏಜೆಂಟರ ಚಾರ್ಜು 200 ಗಿಡಕ್ಕೂ 800 ಗಿಡಕ್ಕೂ ಹೆಚ್ಚು ಕಡಿಮೆ ಒಂದೇ. ಸಣ್ಣ ಆರ್ಡರ್‌ಗೆ ಗಿಡವೊಂದರ ಮೇಲೆ ಬೀಳುವ ಹೊರೆ ಜಾಸ್ತಿ ಆಗುವುದು ಇದರಿಂದಲೇ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಮಾರುಕಟ್ಟೆ ದರ ಅಲ್ಲ, ತಿಳಿಯಲಿಕ್ಕೆ ಹಾಕಿದ ಅಂಕಿ ಅಷ್ಟೇ. 200 ಗಿಡ, ಗಿಡಕ್ಕೆ 250 ರೂ.ನಂತೆ 50 ಸಾವಿರ. ಸಾಗಣೆ, ಏಜೆಂಟ್, ತಪಾಸಣೆ ಎಲ್ಲ ಸೇರಿ ಇನ್ನೊಂದು 50 ಸಾವಿರ. ಒಟ್ಟು ಒಂದು ಲಕ್ಷ. ಎಲ್ಲ ಗಿಡ ಬದುಕಿದರೆ ಅಸಲು ಗಿಡಕ್ಕೆ 500 ರೂ. ನೂರಕ್ಕೆ ಹತ್ತು ಸತ್ತರೆ 555 ರೂ. ದಾಟುತ್ತದೆ. ನೂರಕ್ಕೆ ಮೂವತ್ತು ಸತ್ತರೆ 714 ರೂ. ಅಂದರೆ ನರ್ಸರಿಯವರ ಲಾಭ ನಷ್ಟ ತೀರ್ಮಾನ ಆಗುವುದು ಥಾಯ್ಲೆಂಡಿನ ರೇಟಿನಲ್ಲಿ ಅಲ್ಲ, ದಾರಿಯಲ್ಲಿ ಎಷ್ಟು ಸಾಯುತ್ತದೆ ಎನ್ನುವುದರಲ್ಲಿ.

ಕೊನೆಯ 300 ಕಿ.ಮೀ.

ವಿದೇಶದಿಂದ ಸುರಕ್ಷಿತ ಬಂದ ಗಿಡ ಬೆಂಗಳೂರಿನಿಂದ ಪುತ್ತೂರಿಗೆ ಬರುವಾಗ ಬಾಡುವುದು ಹೊಸದಲ್ಲ. 300 ಕಿ.ಮೀ.ಗೂ ಹೆಚ್ಚಿನ ದಾರಿ, ನಡುವೆ ಘಾಟಿ. ಗಿಡ ಬೇಕಾಗುವುದು ಮಳೆಗಾಲದಲ್ಲಿ, ಘಾಟಿ ಕೈಕೊಡುವುದೂ ಮಳೆಗಾಲದಲ್ಲಿ. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ದಾರಿ ನಿಂತದ್ದು ಇಲ್ಲಿನ ಅಂಗಡಿಯವರಿಗೆ ಮರೆಯುವಂಥದ್ದಲ್ಲ. ಸಿಮೆಂಟ್ ಲೋಡ್ ಆದರೆ ಎರಡು ದಿನ ನಿಂತರೂ ಸಿಮೆಂಟೇ. ಗಿಡ ನಿಂತರೆ ಗೊಬ್ಬರ.

ಕಡಿಯಂನಿಂದ ಬರುವ ಲಾರಿಯದ್ದು ಇನ್ನೂ ಉದ್ದದ ಕಥೆ. ಸಾವಿರ ಕಿ.ಮೀ.ಗೂ ಮೇಲಿನ ಪ್ರಯಾಣ, ನಡುವೆ ಬಯಲುಸೀಮೆಯ ಬಿಸಿಲು. ಟಾರ್ಪಾಲ್ ಬಿಗಿಯಾಗಿ ಕಟ್ಟಿದರೆ ಒಳಗೆ ಕಾವು ಕೂತು ಎಲೆ ಬೇಯುತ್ತದೆ. ಪೂರ್ತಿ ತೆರೆದಿಟ್ಟರೆ ಗಾಳಿಗೆ ಚಿಗುರು ಒಣಗುತ್ತದೆ. ಶೇಡ್‌ನೆಟ್ ಹೊದೆಸಿ, ಮೇಲೆ ಮಳೆಗೆ ಮಾತ್ರ ಟಾರ್ಪಾಲ್ ಹಾಕಿ, ಆದಷ್ಟು ರಾತ್ರಿ ಓಡಿಸುವುದು ಒಳ್ಳೆಯದು. ಹೊರಡುವ ಮೊದಲಿನ ದಿನ ನೀರು ಕೊಟ್ಟು, ಲೋಡ್ ಮಾಡುವಾಗ ತೊಟ್ಟೆಯಿಂದ ನೀರು ಸೋರದ ಹಾಗೆ ಇರಬೇಕು. ಒದ್ದೆ ತೊಟ್ಟೆಯ ಮೇಲೆ ತೊಟ್ಟೆ ಪೇರಿಸಿದರೆ ಕಸಿಯ ಗಂಟು ಮುರಿಯುತ್ತದೆ, ಅಡಿಯ ಸಾಲು ಕೊಳೆಯುತ್ತದೆ.

ಬಂದ ಗಿಡವನ್ನು ಅದೇ ದಿನ ಗೇಟಿನಲ್ಲಿ ಮಾರಾಟಕ್ಕೆ ಇಡುವ ಆತುರವೂ ತಪ್ಪು. ದೂರದಿಂದ ಬಂದ ಗಿಡಕ್ಕೆ ಎರಡು ಮೂರು ವಾರ ನೆರಳಲ್ಲಿ ವಿಶ್ರಾಂತಿ ಬೇಕು, ಗೊಬ್ಬರ ಬೇಡ. ಹಳೆಯ ಗಿಡಗಳಿಂದ ದೂರ ಇಡಬೇಕು. ಹೊಸ ಚಿಗುರು ಬಂದದ್ದು ನೋಡಿದ ಮೇಲೆ ಕೊಟ್ಟರೆ ಗಿರಾಕಿಯೂ ಉಳಿಯುತ್ತಾನೆ.

ದಾರಿಯಲ್ಲಿ ಸತ್ತರೆ ಯಾರು ಕೊಡುವುದು?

ಇಲ್ಲಿ ವ್ಯಾಪಾರಿಗಳಿಗೆ ಗೊತ್ತಿರಬೇಕಾದ ಎರಡು ವಿಷಯ ಉಂಟು.

ಮೊದಲನೆಯದು ತೆರಿಗೆ. ಜೀವಂತ ಗಿಡಕ್ಕೆ ಜಿಎಸ್‌ಟಿ ಇಲ್ಲ, ವಿನಾಯಿತಿಯ ಸರಕಾದ್ದರಿಂದ ಇ-ವೇ ಬಿಲ್ ಕೂಡ ಬೇಕಾಗಿಲ್ಲ. ಹಾಗೆಂದು ಬಿಲ್ಲೇ ಇಲ್ಲದೆ ಲೋಡ್ ತರುವುದಲ್ಲ. ಮಾರಿದವರ ಬಿಲ್ಲು ಗಾಡಿಯಲ್ಲಿ ಇರಲೇಬೇಕು. ಅದೇ ಗಾಡಿಗೆ ಪ್ಲಾಸ್ಟಿಕ್ ಕುಂಡ, ಗೊಬ್ಬರದ ಪ್ಯಾಕೆಟ್ ಹಾಕಿದರೆ ಅವಕ್ಕೆ ತೆರಿಗೆ ಉಂಟು, ಲೆಕ್ಕ ಬೇರೆ.

ಎರಡನೆಯದು ನಷ್ಟ ಪರಿಹಾರ. 2007ರ ರಸ್ತೆ ಸಾಗಣೆ ಕಾಯ್ದೆ, ಅದರ ನಿಯಮದ ಪ್ರಕಾರ, ಬುಕ್ ಮಾಡುವಾಗ ಸರಕಿನ ಬೆಲೆ ಘೋಷಣೆ ಮಾಡದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 3 ಸಾವಿರ ಬಾಡಿಗೆ ಕೊಟ್ಟು ಒಂದು ಲಕ್ಷದ ಗಿಡ ಕಳಿಸಿದರೆ ಕೇಳಲು ಬರುವುದು 30 ಸಾವಿರದವರೆಗೆ ಮಾತ್ರ. ಬೆಲೆ ಬರೆಸಿದರೆ ಬಾಡಿಗೆ ಸ್ವಲ್ಪ ಹೆಚ್ಚಾಗಬಹುದು, ಆದರೆ ಕೈಯಲ್ಲಿ ಹಿಡಿತ ಇರುತ್ತದೆ. ಕೋರ್ಟಿಗೆ ಹೋಗುವುದಾದರೆ ಬುಕ್ ಮಾಡಿದ 180 ದಿನದ ಒಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಗಾಡಿ ಬಂದ ಕೂಡಲೇ ಡ್ರೈವರ್ ಎದುರೇ ಫೋಟೋ ತೆಗೆದು, ರಶೀದಿಯ ಮೇಲೆ 'ಇಷ್ಟು ಗಿಡ ಹಾಳಾಗಿದೆ' ಎಂದು ಬರೆಸಿಕೊಳ್ಳುವುದು ಕ್ಷೇಮ. ನಮ್ಮಲ್ಲಿ ಹೆಚ್ಚಿನವರು ಸಹಿ ಹಾಕಿ ಗಾಡಿ ಕಳಿಸಿದ ಮೇಲೆ ಫೋನ್ ಮಾಡಿ ಜಗಳ ಮಾಡುವವರು.

ಕಳ್ಳದಾರಿಯ ಬೆಲೆ

ಇಷ್ಟೆಲ್ಲ ರಗಳೆ ಯಾಕೆ, ಬ್ಯಾಗಿನಲ್ಲಿ ನಾಲ್ಕು ಕಸಿ ಕಡ್ಡಿ ತಂದರೆ ಯಾರು ನೋಡುತ್ತಾರೆ ಎನ್ನುವವರೂ ಇದ್ದಾರೆ. ಸಿಕ್ಕಿಬಿದ್ದರೆ ಗಿಡ ವಾಪಸ್ ಅಥವಾ ನಾಶ. ಸಿಕ್ಕಿಬೀಳದಿದ್ದರೆ ಅಪಾಯ ಇನ್ನೂ ದೊಡ್ಡದು, ಅದು ಊರಿಗೇ ಬರುತ್ತದೆ.

ತೆಂಗಿನ ಎಲೆ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಹುಡಿ, ಕೆಳಗಿನ ಗರಿಗಳ ಮೇಲೆ ಕಪ್ಪು ಮಸಿ. ಕರಾವಳಿಯ ತೋಟದವರಿಗೆ ಇದು ಪರಿಚಯ. ಈ ಸುರುಳಿ ಬಿಳಿನೊಣ ನಮ್ಮ ದೇಶದ್ದಲ್ಲ. ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ. ಕೆಲವೇ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿತು. 2021ರಲ್ಲಿ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೂವನ್ನೇ ತಿಂದು ಹಾಕಿದ ಕಪ್ಪು ಥ್ರಿಪ್ಸ್ ಕೂಡ ಆಗ್ನೇಯ ಏಷ್ಯಾ ಮೂಲದ್ದು. ಬೇಲಿಯಲ್ಲಿ, ಕಾಡಿನಲ್ಲಿ ತುಂಬಿರುವ ಲಂಟಾನ ಒಂದು ಕಾಲದಲ್ಲಿ ಅಲಂಕಾರಕ್ಕೆಂದೇ ತಂದ ಗಿಡ. ಹೊರಗಿನ ಒಂದು ಕೀಟ ಅಡಿಕೆ, ತೆಂಗು, ಕಾಳುಮೆಣಸು ಒತ್ತೊತ್ತಾಗಿ ಇರುವ ಈ ತಾಲೂಕಿಗೆ ಬಂದರೆ ಯಾವ ಪರಿಹಾರವೂ ಸಾಲದು.

ಎಲ್ಲದಕ್ಕೂ ವಿದೇಶ ಬೇಕಾ?

ನಿಜ ಹೇಳುವುದಾದರೆ ಬೇಡ. ಮ್ಯಾಂಗೋಸ್ಟಿನ್ ಬೀಜದಿಂದ ಬಂದರೂ ತಾಯಿ ಮರದ ಗುಣವೇ ಇರುತ್ತದೆ. ಫಲ ಬರಲು ತಡ ಆಗುತ್ತದೆ ಅಷ್ಟೇ. ಅದಕ್ಕೆ 'ಥಾಯ್ ತಳಿ' ಎಂದು ದುಪ್ಪಟ್ಟು ಕೊಡುವ ಮೊದಲು ಯೋಚಿಸಬೇಕು. ರಂಬುಟಾನ್ ಹಾಗಲ್ಲ. ಬೀಜದ ಗಿಡದಲ್ಲಿ ಗಂಡು ಮರ ಬಂದು ಕಾಯಿಯೇ ಬಿಡದಿರಬಹುದು, ಕಸಿಯೇ ಬೇಕು. ಆದರೆ ಕಸಿ ಇಲ್ಲಿಯೇ ಉಂಟು. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ರಂಬುಟಾನ್‌ನಲ್ಲಿ ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪತಿಬ್ ತಳಿಗಳನ್ನು, ಬೆಣ್ಣೆಹಣ್ಣಿನಲ್ಲಿ ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ತಳಿಗಳನ್ನು ಕೊಟ್ಟಿದೆ. ಪಕ್ಕದ ಜಿಲ್ಲೆ, ವಿಮಾನ ಬೇಡ, ಕ್ವಾರಂಟೈನ್ ಬೇಡ.

ವಿದೇಶದ್ದೇ ಬೇಕು ಎಂದಾದರೆ ಒಬ್ಬೊಬ್ಬರೇ ತರಿಸುವ ಬದಲು ಐದಾರು ನರ್ಸರಿ ಸೇರುವುದು ದಾರಿ. ಆದರೆ ಪರವಾನಗಿ ವರ್ಗ ಆಗುವುದಿಲ್ಲವಾದ್ದರಿಂದ ಒಬ್ಬರ ಪರವಾನಗಿಯಲ್ಲಿ ಎಲ್ಲರೂ ನುಗ್ಗಲು ಬರುವುದಿಲ್ಲ. ರೈತ ಉತ್ಪಾದಕ ಕಂಪನಿಯೋ ಸಹಕಾರಿ ಸಂಘವೋ ತನ್ನ ಹೆಸರಿನಲ್ಲೇ ತರಿಸಿ, ಬಿಲ್ಲು ಹಾಕಿ ಉಳಿದವರಿಗೆ ಕೊಟ್ಟರೆ ಕಾನೂನೂ ಸರಿ, ಖರ್ಚೂ ಹಂಚಿ ಹೋಗುತ್ತದೆ. ಅಡಿಕೆ ಮಾರಾಟಕ್ಕೆ ಸಹಕಾರಿ ಕಟ್ಟಿದ ಊರಿಗೆ ಗಿಡ ತರಲು ಒಂದು ಗುಂಪು ಕಟ್ಟುವುದು ಆಗದ ಕೆಲಸ ಏನಲ್ಲ.

ಗಿರಾಕಿ ಕೇಳಬೇಕಾದ್ದು

ಕೊನೆಗೆ ಭಾರ ಹೊರುವವರು ಬೆಳೆಗಾರರು. ಕಸಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಸಾಕಿದ ಮೇಲೆ 'ಇದು ಹೇಳಿದ ತಳಿ ಅಲ್ಲ' ಎಂದು ಗೊತ್ತಾದರೆ ಹಣ ಮಾತ್ರ ಅಲ್ಲ, ಅಷ್ಟು ವರ್ಷವೂ ಹೋಯಿತು. ಆದ್ದರಿಂದ 'ಇಂಪೋರ್ಟೆಡ್' ಎಂದವರ ಹತ್ತಿರ ಫೈಟೋಸ್ಯಾನಿಟರಿ ಸರ್ಟಿಫಿಕೇಟಿನ ಪ್ರತಿ, ಕ್ವಾರಂಟೈನ್ ಬಿಡುಗಡೆಯ ಪ್ರತಿ ಕೇಳುವುದರಲ್ಲಿ ನಾಚಿಕೆ ಬೇಡ. ತೊಟ್ಟೆಯಲ್ಲಿ ನಮ್ಮದೇ ಕೆಂಪು ಮಣ್ಣು ಇದ್ದರೆ ಮೋಸ ಎಂದಲ್ಲ, ಬಂದ ಮೇಲೆ ಇಲ್ಲಿ ತುಂಬಿಸಿರಬಹುದು. ಆದರೆ ಕಾಗದವೂ ಇಲ್ಲ, ಬಿಲ್ಲೂ ಇಲ್ಲ ಎಂದಾದರೆ ಅದು ಇಂಪೋರ್ಟೆಡ್ ಬೆಲೆಯ ಲೋಕಲ್ ಗಿಡ ಎಂದೇ ತಿಳಿಯುವುದು ಒಳ್ಳೆಯದು.

ಬಿಲ್ಲಿನಲ್ಲಿ ತಳಿಯ ಹೆಸರು, ಗಿಡದ ಸಂಖ್ಯೆ, ದಿನಾಂಕ ಬರೆಸಬೇಕು. ಬೀಜ ಖರೀದಿಸುವ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಗಿಡದ ವಿಷಯದಲ್ಲೂ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟುವುದಾದರೆ ಮೊದಲು ಕೈಯಲ್ಲಿ ಇರಬೇಕಾದ್ದು ಆ ಬಿಲ್ಲು.

ಪ್ರಾಮಾಣಿಕವಾಗಿ ಕಾಗದ ಮಾಡಿಸಿ ತರುವ ನರ್ಸರಿಯವರಿಗೂ ಇದರಿಂದಲೇ ಅನುಕೂಲ. ಗಿರಾಕಿ ಬರಿ ರೇಟು ಕೇಳಿದಷ್ಟು ದಿನ ಕಾಗದ ಇಲ್ಲದವರದ್ದೇ ಅಗ್ಗ. "ಬಿಲ್ಲು ಉಂಟಾ?" ಎಂದು ಗೇಟಿನಲ್ಲೇ ಕೇಳುವವರು ಹೆಚ್ಚಾದರೆ ನೇರ ದಾರಿಯಲ್ಲಿ ಬಂದ ಗಿಡಕ್ಕೂ ಬೆಲೆ ಬರುತ್ತದೆ.